ಮುಂದಿನ ಗಾಲಿಯ ಹಬ್ ಮತ್ತು ಬೇರಿಂಗ್: ಸದ್ದು ಗುರುತಿಸುವುದರಿಂದ ಹೊಸದು ಕೂಡಿಸುವವರೆಗೆ

ಗಾಲಿ ಸಲೀಸಾಗಿ ತಿರುಗುವಂತೆ ಮಾಡುವ ಹಬ್ ಬೇರಿಂಗ್ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ಮೊದಲು ಸಣ್ಣಗೆ ಗುಂಯ್‌ಗುಡುತ್ತದೆ, ಆಮೇಲೆ ಗರಗರ ಎನ್ನುತ್ತದೆ, ಕೊನೆಗೆ ಗಾಲಿ ಅಲ್ಲಾಡುತ್ತದೆ. ಗುಂಯ್‌ಗುಡುವ ಹಂತದಲ್ಲೇ ಹಿಡಿದರೆ ಬರೀ ಬೇರಿಂಗ್ ಬದಲಾಯಿಸಿದರೆ ಮುಗಿಯಿತು. ಅಲ್ಲಾಡುವವರೆಗೆ ಓಡಿಸಿದರೆ ಹಬ್ ಸವೆಯುತ್ತದೆ, ಬೇರಿಂಗನ್ನು ಹೊತ್ತಿರುವ ಲೋಹದ ತುಂಡಾದ ನಕಲ್‌ನ ರಂಧ್ರ ಸಡಿಲಾಗುತ್ತದೆ, ಡಿಸ್ಕ್ ಓರೆಯಾಗಿ ತಿರುಗಿ ಬ್ರೇಕ್ ಪ್ಯಾಡ್ ತಿನ್ನುತ್ತದೆ. ಹೊಸದನ್ನು ಕೂಡಿಸುವಾಗ ಒತ್ತಡ ತಪ್ಪು ಜಾಗಕ್ಕೆ ಬಿದ್ದರೆ ಆ ಹೊಸ ಬೇರಿಂಗೂ ಕೆಲವೇ ತಿಂಗಳಲ್ಲಿ ಕೂಗಲು ಶುರುಮಾಡುತ್ತದೆ. ಅದಕ್ಕೇ ಈ ಬರಹದಲ್ಲಿ ಪ್ರೆಸ್ ಕೆಲಸಕ್ಕೆ, ಅಂದರೆ ಯಂತ್ರದಿಂದ ಒತ್ತಿ ಬಿಡಿಸುವ, ಕೂಡಿಸುವ ಕೆಲಸಕ್ಕೆ, ಹೆಚ್ಚು ಜಾಗ ಕೊಟ್ಟಿದೆ.

ಇಲ್ಲಿ ಹೇಳುವುದು ಮುಂದಿನ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಸಣ್ಣ, ಮಧ್ಯಮ ಕಾರುಗಳ ವಿಷಯ. ಇವುಗಳಲ್ಲಿ ಸಾಮಾನ್ಯವಾಗಿ ಮೂರು ಭಾಗ ಒಂದರೊಳಗೊಂದು ಬಿಗಿಯಾಗಿ ಕೂತಿರುತ್ತವೆ. ಹೊರಗೆ ನಕಲ್, ಅದರ ರಂಧ್ರದೊಳಗೆ ಎರಡು ಸಾಲು ಗುಂಡುಗಳ ಬೇರಿಂಗ್, ಬೇರಿಂಗಿನೊಳಗೆ ಹಬ್. ಗಾಲಿಯ ಬೋಲ್ಟುಗಳು ಇರುವುದು ಹಬ್ಬಿನ ಮುಖದ ಮೇಲೆ. ಹಬ್ಬಿನ ನಡುವಿನ ಹಲ್ಲುಗಳೊಳಗೆ ಡ್ರೈವ್ ಶಾಫ್ಟ್ ಹಾದು ಬಂದು, ಹೊರಗೆ ದೊಡ್ಡದೊಂದು ಆಕ್ಸಲ್ ನಟ್‌ನಿಂದ ಬಿಗಿಯಾಗುತ್ತದೆ. ಕೆಲವು ಕಾರುಗಳಲ್ಲಿ ಹಬ್ ಮತ್ತು ಬೇರಿಂಗ್ ಸೇರಿ ಒಂದೇ ಸೆಟ್ ಆಗಿ, ಮೂರು ಅಥವಾ ನಾಲ್ಕು ಬೋಲ್ಟಿನಿಂದ ನಕಲ್‌ಗೆ ಕೂಡುತ್ತದೆ. ನಿಮ್ಮದು ಅಂಥದ್ದಾದರೆ ಪ್ರೆಸ್ ಭಾಗ ಬಿಟ್ಟು ಉಳಿದದ್ದೆಲ್ಲ ಅನ್ವಯಿಸುತ್ತದೆ.

ಇಲ್ಲಿಯ ನೆಲ, ನೀರು, ಧೂಳು

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಆ ಬಿಸಿಲಿನಿಂದ ಬೇರಿಂಗ್ ಕೆಡುವುದಿಲ್ಲ. ಅದರೊಳಗಿನ ಗ್ರೀಸ್ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ತಡೆಯುತ್ತದೆ. ಅದನ್ನು ಕೆಡಿಸುವುದು ಮಳೆಗಾಲ. ಭೀಮಾ, ಕಾಗಿಣಾ ತುಂಬಿದಾಗ ಹಳ್ಳದ ಸೇತುವೆ ಮೇಲೆ ನೀರು ಹರಿಯುತ್ತದೆ. ಓಡಿ ಬಿಸಿಯಾದ ಹಬ್ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಬೇರಿಂಗಿನ ಬದಿ ಮುಚ್ಚಿರುವ ಸೀಲಿನ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ. ಅಂದು ಏನೂ ಗೊತ್ತಾಗುವುದಿಲ್ಲ. ಒಳಗಿನ ಗ್ರೀಸ್ ನೀರು ಕುಡಿದು ತೆಳ್ಳಗಾಗಿ, ಗುಂಡುಗಳು ಓಡುವ ದಾರಿಗೆ ತುಕ್ಕು ಹಿಡಿದ ಮೇಲೆ ಸದ್ದು ಶುರುವಾಗುತ್ತದೆ. ಆಗ ಬಹಳ ಜನ ಟೈರ್ ಮೇಲೆ ತಪ್ಪು ಹೊರಿಸುತ್ತಾರೆ.

ಎರೆ ಮಣ್ಣಿನ ಕೆಸರು ಇನ್ನೊಂದು ಕಾಟ. ಡಿಸ್ಕ್ ಹಿಂದಿನ ತಗಡಿಗೂ ನಕಲ್‌ಗೂ ನಡುವೆ ಅದು ಮೆತ್ತಿಕೊಂಡು ಒಣಗಿದರೆ ಕಲ್ಲಿನಂತಾಗಿ ಸೀಲಿನ ತುಟಿಯನ್ನು ಉಜ್ಜುತ್ತಲೇ ಇರುತ್ತದೆ. ಸೇಡಂ, ವಾಡಿ, ಚಿತ್ತಾಪುರ ಕಡೆಯ ಸುಣ್ಣಕಲ್ಲಿನ ಸಣ್ಣ ಧೂಳೂ ಹಸಿಯಾದಾಗ ಇದೇ ಕೆಲಸ ಮಾಡುತ್ತದೆ. ಕೆಸರಿನಲ್ಲಿ ಓಡಿಸಿದ ದಿನವೇ ಗಾಲಿಯ ಒಳಬದಿಗೆ ಪೈಪಿನಿಂದ ಸಾಮಾನ್ಯ ನೀರು ಬಿಟ್ಟು ತೊಳೆಯಿರಿ. ವಾಷಿಂಗ್ ಸೆಂಟರಿನಲ್ಲಿ ಜೋರು ಒತ್ತಡದ ಗನ್ನನ್ನು ಡ್ರೈವ್ ಶಾಫ್ಟ್ ಹಬ್ಬಿಗೆ ಸೇರುವ ಜಾಗಕ್ಕೆ ನೇರ ಹಿಡಿಯಲು ಬಿಡಬೇಡಿ. ಸೀಲ್ ದಾಟಿ ನೀರು ಒಳಹೋಗಲು ಅಷ್ಟು ಸಾಕು.

ರಸ್ತೆಯ ಗುಂಡಿಗೆ ಜೋರಾಗಿ ಬಿದ್ದಾಗ ಬೇರಿಂಗಿನ ಗುಂಡುಗಳು ಅದರ ರಿಂಗಿನಲ್ಲಿ ಸಣ್ಣ ತಗ್ಗು ಮಾಡುತ್ತವೆ. ಅಂದವಾಗಿ ಕಾಣಲೆಂದು ಹೊರಕ್ಕೆ ಚಾಚುವ ಅಲಾಯ್ ಗಾಲಿ ಅಥವಾ ಹಬ್ಬಿಗೂ ಗಾಲಿಗೂ ನಡುವೆ ಇಡುವ ಸ್ಪೇಸರ್ ಹಾಕಿದರೆ ಗಾಲಿಯ ಭಾರ ಬೇರಿಂಗಿನ ನಡುವಿನಿಂದ ದೂರ ಸರಿದು ಮೀಟುಕೋಲಿನಂತೆ ಕೆಲಸ ಮಾಡುತ್ತದೆ. ಅಂಥ ಗಾಲಿ ಇಟ್ಟುಕೊಂಡು ಬೇರಿಂಗ್ ಎಷ್ಟು ಸಲ ಬದಲಿಸಿದರೂ ಅದು ಬೇಗ ಹೋಗುತ್ತದೆ.

ಓಡಿಸಿ ಕೇಳುವುದು

ನುಣ್ಣನೆಯ ರಸ್ತೆ ಬೇಕು. ಹುಮನಾಬಾದ್ ಹತ್ತಿರದ ರಾಷ್ಟ್ರೀಯ ಹೆದ್ದಾರಿ 65 ಅಥವಾ ನಿಮ್ಮೂರಿನ ಹೊಸ ಡಾಂಬರಿನ ತುಣುಕು ಆದೀತು. ಎಸಿ, ರೇಡಿಯೊ ಬಂದ್ ಮಾಡಿ, ಗ್ಲಾಸ್ ಏರಿಸಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಿವಿಗೊಡಿ. ಸದ್ದು ವೇಗದೊಂದಿಗೆ ಏರಬೇಕು, ಎಂಜಿನ್ ಜೊತೆಗಲ್ಲ. ಅದೇ ವೇಗದಲ್ಲಿ ಗಿಯರ್ ಬದಲಿಸಿ ನೋಡಿ. ಎಂಜಿನ್ ಸುತ್ತು ಬದಲಾದರೂ ಸದ್ದು ಹಾಗೇ ಇದ್ದರೆ ಅದು ಗಾಲಿಯ ಕಡೆಯದು.

ಹಿಂದೆ ಮುಂದೆ ಗಾಡಿ ಇಲ್ಲದಾಗ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿ. ಬಲಕ್ಕೆ ತಿರುಗಿಸಿದಾಗ ಭಾರ ಎಡಗಾಲಿಯ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯದರ ಮೇಲೆ ಅನುಮಾನ. ಎಡಕ್ಕೆ ತಿರುಗಿಸಿದಾಗ ಜೋರಾದರೆ ಬಲಗಡೆಯದು. ಇದು ಸುಳಿವು ಮಾತ್ರ. ಎರಡು ಸಾಲಿನ ಬೇರಿಂಗಿನಲ್ಲಿ ಯಾವ ಸಾಲು ಕೆಟ್ಟಿದೆ ಎಂಬುದರ ಮೇಲೆ ಇದು ಕೆಲವೊಮ್ಮೆ ಅದಲುಬದಲಾಗುತ್ತದೆ. ಕೈಯಿಂದ ಖಾತ್ರಿ ಮಾಡಿಕೊಳ್ಳದೆ ಬಿಚ್ಚಲು ಹೋಗಬೇಡಿ.

ಟೈರಿನ ಸದ್ದು ಇದಕ್ಕೆ ಬಹಳ ಹೋಲುತ್ತದೆ. ಬೇರ್ಪಡಿಸುವ ಬಗೆ ಸುಲಭ: ಟೈರಿನ ಸದ್ದು ರಸ್ತೆ ಬದಲಾದಂತೆ ಬದಲಾಗುತ್ತದೆ, ಸಿಮೆಂಟ್ ರಸ್ತೆಯಲ್ಲಿ ಒಂದು ಬಗೆ, ಡಾಂಬರಿನಲ್ಲಿ ಇನ್ನೊಂದು. ಬೇರಿಂಗಿಗೆ ರಸ್ತೆಯ ಹಂಗಿಲ್ಲ. ಇನ್ನೂ ಅನುಮಾನ ಇದ್ದರೆ ಅದೇ ಬದಿಯ ಮುಂದಿನ, ಹಿಂದಿನ ಗಾಲಿ ಅದಲುಬದಲು ಮಾಡಿ ಓಡಿಸಿ. ಸದ್ದು ಹಿಂದಕ್ಕೆ ಹೋದರೆ ಟೈರ್. ಪೂರ್ತಿ ಸ್ಟೇರಿಂಗ್ ಕಡಿದು ತಿರುಗಿಸಿದಾಗ ಮಾತ್ರ ಕಟಕಟ ಎಂದರೆ ಅದು ಡ್ರೈವ್ ಶಾಫ್ಟಿನ ಹೊರಜಾಯಿಂಟು, ಹಬ್ ಅಲ್ಲ.

ಇನ್ನೊಂದು ಗುರುತನ್ನು ಯಾರೂ ಹಬ್ಬಿಗೆ ಜೋಡಿಸಿ ನೋಡುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಹೋಗಿ ಬ್ರೇಕ್ ಒತ್ತಿದಾಗ ಮೊದಲ ಸಲ ಪೆಡಲ್ ಕೆಳಗೆ ಹೋಗಿ, ಎರಡನೇ ಸಲ ಸರಿಯಾಗಿ ನಿಲ್ಲುತ್ತದೆ. ಹಬ್ ಅಲ್ಲಾಡಿ ಡಿಸ್ಕ್ ಓರೆಯಾದಾಗ ಅದು ಪ್ಯಾಡನ್ನು ಹಿಂದಕ್ಕೆ ತಳ್ಳಿರುತ್ತದೆ. ಮೊದಲ ಒತ್ತು ಆ ಸಂದು ತುಂಬಲಿಕ್ಕೇ ಹೋಗುತ್ತದೆ. ಇದು ಕಂಡರೆ ಕಾರನ್ನು ನಿಲ್ಲಿಸಿಬಿಡಿ.

ಎತ್ತಿ, ಕೈಯಿಂದ ನೋಡುವುದು

ಗಟ್ಟಿ, ಸಮತಟ್ಟು ನೆಲ ಬೇಕು. ನಮ್ಮ ಕಡೆಯ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತದೆ. ಅದು ಪದರು ಪದರಾದ ಸುಣ್ಣಕಲ್ಲು. ಕೆಳಗೆ ಪೊಳ್ಳಿದ್ದ ಕಡೆ ಜಾಕ್ ಸ್ಟ್ಯಾಂಡಿನ ಸಣ್ಣ ಕಾಲು ಕೂತರೆ ಚಟ್ ಎಂದು ಸೀಳುತ್ತದೆ. ಬೆರಳಿನಿಂದ ತಟ್ಟಿ ನೋಡಿ, ಡೊಳ್ಳು ಸದ್ದು ಬಂದ ಕಲ್ಲಿನ ಮೇಲೆ ಇಡಬೇಡಿ. ಸ್ಟ್ಯಾಂಡಿನ ಕೆಳಗೆ ದಪ್ಪ ಮರದ ಹಲಗೆ ಹಾಕಿ. ಕಲ್ಲು, ಇಟ್ಟಿಗೆ ಪೇರಿಸಿ ಕಾರು ನಿಲ್ಲಿಸುವುದಂತೂ ಬೇಡವೇ ಬೇಡ. ಕಾರಿನ ಜೊತೆ ಬಂದ ಜಾಕ್ ಟೈರ್ ಬದಲಿಸಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈ, ತಲೆ ಹಾಕಬಾರದು. ಹಿಂದಿನ ಗಾಲಿಗಳಿಗೆ ಅಡೆ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗಾಲಿ ಬಿಚ್ಚಿದ ಮೇಲೆ ಅದನ್ನು ಕಾರಿನ ಕೆಳಗೆ ಅಡ್ಡ ಮಲಗಿಸಿ.

ಗಾಲಿ ಇನ್ನೂ ಇರುವಾಗಲೇ ಮೇಲೂ ಕೆಳಗೂ, ಅಂದರೆ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲಾಟ, ಕಂಡರೆ ಜೊತೆಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್ ಹೋಗಿದೆ. ಒತ್ತಿದರೂ ಉಳಿದರೆ ನಕಲ್ ಅನ್ನು ಕೆಳಗೆ ಹಿಡಿದಿರುವ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ಸ್ಪ್ರಿಂಗ್ ಹೊತ್ತ ಸ್ಟ್ರಟ್ಟಿನ ಮೇಲಿನ ಮೌಂಟ್ ನೋಡಿ. 9 ಮತ್ತು 3ರ ಜಾಗದಲ್ಲಿ ಮಾತ್ರ ಅಲ್ಲಾಡಿದರೆ ಸ್ಟೇರಿಂಗಿನಿಂದ ನಕಲ್‌ಗೆ ಬರುವ ಟೈ ರಾಡಿನ ತುದಿ (ಟೈ ರಾಡ್ ಎಂಡ್) ಅಥವಾ ಸ್ಟೇರಿಂಗ್ ರ‍್ಯಾಕ್. ಈ ಒಂದು ಪರೀಕ್ಷೆ ಮಾಡದೆ ಬೇರಿಂಗ್ ಬದಲಿಸಿ, ಸದ್ದು ಹಾಗೇ ಉಳಿದ ಕಾರುಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ.

ಪ್ಲೇ ಇಲ್ಲದೆಯೂ ಬೇರಿಂಗ್ ಕೆಟ್ಟಿರಬಹುದು. ಒಂದು ಕೈಯಿಂದ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಮೇಲಿನ ಕಾಯಿಲ್ ಸ್ಪ್ರಿಂಗಿನ ಮೇಲಿಡಿ. ಒಳ್ಳೆಯ ಬೇರಿಂಗಿದ್ದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ತುಕ್ಕು ಹಿಡಿದದ್ದಾದರೆ ಮರಳಿನ ಮೇಲೆ ಉರುಳಿದಂಥ ನಡುಕ ಬೆರಳಿಗೆ ಬರುತ್ತದೆ. ಎರಡೂ ಬದಿ ಮಾಡಿ ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ.

ಕೂದಲೆಳೆಯಷ್ಟು ಚಲನೆ ಅಳೆಯುವ ಡಯಲ್ ಗೇಜ್ ಇದ್ದರೆ ಡಿಸ್ಕ್ ತೆಗೆದು ಹಬ್ಬಿನ ಮುಖಕ್ಕೆ ಹಚ್ಚಿ. ಹಬ್ಬನ್ನು ಒಳಗೆ ಹೊರಗೆ ತಳ್ಳಿದಾಗ ಮುಳ್ಳು 0.1 ಮಿ.ಮೀ.ಗಿಂತ ಹೆಚ್ಚು ಚಲಿಸಿದರೆ ಬಹುತೇಕ ಸಣ್ಣ ಕಾರುಗಳಲ್ಲಿ ಬೇರಿಂಗ್ ಬದಲಿಸಬೇಕು. ಒಂದು ಸುತ್ತು ತಿರುಗಿಸಿದಾಗ ಮುಖದ ಓರೆ 0.05 ಮಿ.ಮೀ. ಸುತ್ತಮುತ್ತ ಮೀರಿದರೆ ಹಬ್ಬೇ ಬಾಗಿದೆ. ಹೊಸ ಡಿಸ್ಕ್ ಹಾಕಿದರೂ ಬ್ರೇಕ್ ನಡುಗುವ ಕಾರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಬೇಕಾಗುವ ಸಾಮಾನು

ಒಂದು ಬದಿಗೆ: ಬೇರಿಂಗ್ 1, ಹೊಸ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) 1, ಹೊಸ ಆಕ್ಸಲ್ ನಟ್ 1, ಟೈ ರಾಡಿಗೆ ಸ್ಪ್ಲಿಟ್ ಪಿನ್ 1. ಹಬ್ ಸವೆದಿದ್ದರೆ ಅದೂ ಒಂದು. ಬಿಚ್ಚುವ ಮುಂಚೆಯೇ ಹಬ್ ಎಲ್ಲಿ ಸಿಗುತ್ತದೆ ಎಂದು ಕೇಳಿಟ್ಟುಕೊಳ್ಳಿ, ಬಿಚ್ಚಿದ ಮೇಲೆ ಹೈದರಾಬಾದಿನಿಂದ ಬರುವವರೆಗೆ ಕಾರು ಸ್ಟ್ಯಾಂಡ್ ಮೇಲೆ ನಿಲ್ಲಬಾರದು.

ಬೇರಿಂಗಿನ ನಂಬರ್ ಓದಲು ಕಲಿಯಿರಿ. ಡಿಎಸಿ34640037 ಎಂದಿದ್ದರೆ ಒಳ ಅಡ್ಡಳತೆ 34, ಹೊರ ಅಡ್ಡಳತೆ 64, ಅಗಲ 37 ಮಿ.ಮೀ. ಎಂದರ್ಥ. ಎರಡು ಮಾದರಿಗಳ ನಡುವೆ ಒಂದು ಮಿ.ಮೀ. ಅಗಲ ಹೆಚ್ಚುಕಡಿಮೆ ಇದ್ದರೂ ಸರ್ಕ್ಲಿಪ್ ಕೂಡುವುದಿಲ್ಲ. ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇದ್ದ ಕಾರಿಗೆ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಮ್ಯಾಗ್ನೆಟ್ ಪಟ್ಟಿ ಇರಬಹುದು; ಅಳತೆ ಒಂದೇ ಇದ್ದರೂ ಪಟ್ಟಿ ಇಲ್ಲದ್ದನ್ನು ಹಾಕಿದರೆ ಎಬಿಎಸ್ ದೀಪ ಆರುವುದಿಲ್ಲ. ನಕಲಿ ಡಬ್ಬಿ ಬಹಳ ಓಡಾಡುತ್ತವೆ. ರಿಂಗಿನ ಮೇಲಿನ ನಂಬರ್ ಅಚ್ಚುಕಟ್ಟಾಗಿ ಕೊರೆದಿರಬೇಕು, ಡಬ್ಬಿಯ ನಂಬರಿಗೆ ತಾಳೆಯಾಗಬೇಕು. ಬಿಲ್ ಕೊಡದ ಅಂಗಡಿಯಲ್ಲಿ ಬೇರಿಂಗ್ ಕೊಳ್ಳಬೇಡಿ.

ಪಾನಾ ಸೆಟ್ಟಿನಲ್ಲಿ 10ರಿಂದ 21 ಮಿ.ಮೀ. ಸಾಕೆಟ್, ಆಕ್ಸಲ್ ನಟ್‌ಗೆ ಹೆಚ್ಚಾಗಿ 30 ಅಥವಾ 32 ಮಿ.ಮೀ. ಸಾಕೆಟ್, ಉದ್ದನೆಯ ಹ್ಯಾಂಡಲ್, ಬಿಗಿ ಅಳೆಯುವ ಟಾರ್ಕ್ ವ್ರೆಂಚ್, ಸರ್ಕ್ಲಿಪ್ ಪ್ಲೈಯರ್, ಟೈ ರಾಡ್ ಪುಲ್ಲರ್, ತುಕ್ಕು ಬಿಡಿಸುವ ಎಣ್ಣೆ, ಒಂದು ಗಜ ಕಟ್ಟುತಂತಿ. ಹೈಡ್ರಾಲಿಕ್ ಪ್ರೆಸ್ ಮನೆಯಲ್ಲಿ ಇರಬೇಕಾಗಿಲ್ಲ, ಲೇಥ್ ಅಂಗಡಿಯಲ್ಲಿ ಸಿಗುತ್ತದೆ.

ಇನ್ನೊಂದು ಬದಿಯ ಬೇರಿಂಗ್ ಚೆನ್ನಾಗಿದ್ದರೆ ಅದನ್ನು ಮುಟ್ಟುವ ಅಗತ್ಯ ಇಲ್ಲ. ಜೋಡಿಯಾಗಿಯೇ ಬದಲಿಸಬೇಕೆಂಬ ನಿಯಮ ಹಬ್ಬಿಗೆ ಅನ್ವಯಿಸುವುದಿಲ್ಲ. ಕಾರು ನೆರೆ ನೀರಿನಲ್ಲಿ ನಿಂತಿತ್ತೆಂದರೆ ಮಾತ್ರ ನಾಲ್ಕೂ ಪರೀಕ್ಷಿಸಿ.

ಬಿಚ್ಚುವುದು

1. ಕಾರು ನೆಲದ ಮೇಲಿರುವಾಗಲೇ ಹಬ್ ಕ್ಯಾಪ್ ತೆಗೆದು, ಆಕ್ಸಲ್ ನಟ್‌ನ ಒಳಗೆ ಬಡಿದ ಅಂಚನ್ನು ಸಣ್ಣ ಉಳಿಯಿಂದ ಪೂರ್ತಿ ಎಬ್ಬಿಸಿ. ಅರ್ಧ ಎಬ್ಬಿಸಿ ತಿರುಗಿಸಿದರೆ ಶಾಫ್ಟಿನ ಎಳೆ (ಥ್ರೆಡ್) ಹಾಳಾಗುತ್ತದೆ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಟ್ ಸಡಿಲಿಸಲಿ. ಗಾಲಿಯ ನಟ್‌ಗಳನ್ನೂ ಅರ್ಧ ಸುತ್ತು ಸಡಿಲಿಸಿ. ಇಲ್ಲಿಂದ ಮುಂದೆ ಕಾರು ಉರುಳಿಸಬಾರದು.

2. ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಾಲಿ ತೆಗೆಯಿರಿ. ಒಣಗಿದ ಕೆಸರನ್ನು ಮೊದಲು ಬ್ರಶ್ಶಿನಿಂದ ಉದುರಿಸಿ.

3. ಎಬಿಎಸ್ ಸೆನ್ಸರಿನ ಸಣ್ಣ ಬೋಲ್ಟ್ ಬಿಚ್ಚಿ, ಎಣ್ಣೆ ಹಾಕಿ, ಸೆನ್ಸರನ್ನು ಅತ್ತಿತ್ತ ತಿರುಚುತ್ತ ಹೊರತೆಗೆಯಿರಿ. ವೈರ್ ಹಿಡಿದು ಜಗ್ಗಿದರೆ ಸೆನ್ಸರ್ ಹೋಯಿತು. ಬರದಿದ್ದರೆ ವೈರಿನ ಕನೆಕ್ಟರ್ ಬಿಚ್ಚಿ ನಕಲ್ ಜೊತೆಗೇ ಬಿಡಿ.

4. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ಅದರ ಬ್ರ್ಯಾಕೆಟ್ ಸಮೇತ ಎರಡು ಬೋಲ್ಟ್ ಬಿಚ್ಚಿ ತೆಗೆದು, ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ. ಬ್ರೇಕ್ ಹೋಸಿನ ಮೇಲೆ ತೂಗಬಿಟ್ಟರೆ ಹೋಸ್ ಒಳಗಿಂದ ಸೀಳುತ್ತದೆ, ಹೊರಗೆ ಕಾಣುವುದಿಲ್ಲ. ಡಿಸ್ಕ್ ಅಂಟಿಕೊಂಡಿದ್ದರೆ ಅದರ ಮುಖದಲ್ಲಿ ಎಳೆ ಇರುವ ಎರಡು ತೂತು ಇರುತ್ತವೆ. ಬಹಳ ಕಾರುಗಳಲ್ಲಿ 8 ಮಿ.ಮೀ. ಬೋಲ್ಟ್ ಎರಡನ್ನೂ ಸಮವಾಗಿ ಬಿಗಿದರೆ ಡಿಸ್ಕ್ ತಾನೇ ಹೊರಬರುತ್ತದೆ.

5. ಟೈ ರಾಡ್ ಎಂಡ್ ಪುಲ್ಲರಿನಿಂದ ಬಿಡಿಸಿ. ಲೋವರ್ ಆರ್ಮಿನ ಬಾಲ್ ಜಾಯಿಂಟಿನ ಬೋಲ್ಟ್ ತೆಗೆದು ಆರ್ಮನ್ನು ಕೆಳಗೆ ಒತ್ತಿ. ಸ್ಟ್ರಟ್ಟಿಗೆ ನಕಲ್ ಹಿಡಿದಿರುವ ಎರಡು ಬೋಲ್ಟ್ ಬಿಚ್ಚುವ ಮುಂಚೆ ಎರಡರ ಜೋಡಣೆಯ ಮೇಲೆ ಬಿಳಿ ಪೇಂಟಿನಿಂದ ಗೆರೆ ಎಳೆಯಿರಿ. ಕೆಲವು ಕಾರುಗಳಲ್ಲಿ ಗಾಲಿಯ ಓರೆ ನಿಂತಿರುವುದು ಅಲ್ಲೇ.

6. ಆಕ್ಸಲ್ ನಟ್ಟನ್ನು ಶಾಫ್ಟಿನ ತುದಿಗೆ ಸರಿಸಮ ಬರುವಂತೆ ತಿರುಗಿಸಿ, ಮರದ ತುಂಡು ಇಟ್ಟು ತಟ್ಟಿ. ಶಾಫ್ಟ್ ಸಡಿಲಾದ ಮೇಲೆ ನಟ್ ತೆಗೆದು ನಕಲ್ ಹೊರತೆಗೆಯಿರಿ. ಶಾಫ್ಟನ್ನು ಹೊರಕ್ಕೆ ಎಳೆಯಬೇಡಿ, ಒಳಜಾಯಿಂಟ್ ಕಳಚುತ್ತದೆ. ಅದನ್ನೂ ತಂತಿಯಿಂದ ಮೇಲಕ್ಕೆ ಕಟ್ಟಿ.

ಪ್ರೆಸ್ ಕೆಲಸ: ಇಲ್ಲಿ ಅವಸರ ಬೇಡ

ನಕಲ್ ಕೈಯಲ್ಲಿ ಹಿಡಿದು ಲೇಥ್ ಅಂಗಡಿಗೆ ಹೋಗುವಾಗ ನೀವೂ ಜೊತೆಗಿರಿ. ಟ್ರ್ಯಾಕ್ಟರ್ ಕೆಲಸವೇ ಹೆಚ್ಚಿರುವ ಅಂಗಡಿಯಲ್ಲಿ ದಪ್ಪ ಬುಶ್, ಪಿನ್ ಒತ್ತಿ ರೂಢಿಯಾದ ಕೈ ಇರುತ್ತದೆ. ಕಾರಿನ ಬೇರಿಂಗಿಗೆ ಅಷ್ಟು ಜೋರು ಬೇಕಾಗಿಲ್ಲ, ಒತ್ತುವ ಜಾಗ ಸರಿ ಇರಬೇಕು. ಮೊದಲೇ ಹೇಳಿಬಿಡಿ: "ಅಣ್ಣಾ, ಕೂಡಸೂ ಮುಂದ ಹೊರಗಿನ ರಿಂಗಿನ ಮ್ಯಾಲಷ್ಟೇ ಒತ್ರಿ, ಒಳಗಿನ ರಿಂಗಿಗೆ ಮುಟ್ಟಸಬ್ಯಾಡ್ರಿ."

ಮೊದಲು ಹಬ್ ಹೊರಗೆ ಒತ್ತಬೇಕು. ಹಬ್ ಬರುವಾಗ ಬೇರಿಂಗ್ ಒಡೆದು, ಒಳರಿಂಗಿನ ಅರ್ಧ ಭಾಗ ಹಬ್ಬಿನ ಮೇಲೇ ಉಳಿಯುವುದು ಸಹಜ. ಒಮ್ಮೆ ಹೀಗೆ ಬಿಡಿಸಿದ ಬೇರಿಂಗನ್ನು ಮತ್ತೆ ಬಳಸುವಂತಿಲ್ಲ. ಉಳಿದ ರಿಂಗನ್ನು ಪುಲ್ಲರಿನಿಂದ ತೆಗೆಯಿರಿ. ಬರದಿದ್ದರೆ ಗ್ರೈಂಡರಿನಿಂದ ಓರೆಯಾಗಿ ಗೀಟು ಕೊರೆದು, ಹಬ್ಬಿಗೆ ತಾಗುವ ಮುಂಚೆಯೇ ನಿಲ್ಲಿಸಿ, ಉಳಿ ಇಟ್ಟು ಒಂದೇಟು ಕೊಟ್ಟರೆ ಸೀಳುತ್ತದೆ. ಗ್ರೈಂಡರ್ ಹಬ್ಬಿಗೆ ತಾಗಿದರೆ ಹಬ್ ಹೊಸದು ಬೇಕು.

ಎರಡನೆಯದು ಸರ್ಕ್ಲಿಪ್. ಕೆಸರಿನಲ್ಲಿ ಮುಚ್ಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೆಗೆಯದೆ ಒತ್ತಿದರೆ ನಕಲ್‌ನ ಅಂಚೇ ಮುರಿಯುತ್ತದೆ. ಎರಡೂ ಬದಿ ಕೆರೆದು ನೋಡಿ, ಸರ್ಕ್ಲಿಪ್ ಇದ್ದ ಬದಿಯಿಂದಲೇ ಬೇರಿಂಗ್ ಹೊರಬರಬೇಕು.

ಹೊರಬಂದ ಬೇರಿಂಗನ್ನು ಎಸೆಯುವ ಮುಂಚೆ ಓದಿ. ಗ್ರೀಸ್ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಅಥವಾ ದಾರಿಯ ಮೇಲೆ ಕೆಂಪು ಗೆರೆ ಇದ್ದರೆ ನೀರು ಹೊಕ್ಕಿದೆ. ಸಮ ಅಂತರದಲ್ಲಿ ಸಾಲಾಗಿ ಸಣ್ಣ ತಗ್ಗು ಇದ್ದರೆ ಗುಂಡಿಯ ಹೊಡೆತ, ಇಲ್ಲವೇ ಹಿಂದೆ ಯಾರೋ ಸುತ್ತಿಗೆಯಿಂದ ಕೂಡಿಸಿದ್ದು. ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಬಿಸಿ. ಗ್ರೀಸ್ ಒಣಗಿದೆ ಅಥವಾ ಆಕ್ಸಲ್ ನಟ್‌ನ ಬಿಗಿ ತಪ್ಪಿದೆ. ಹೊರರಿಂಗಿನ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ನಕಲ್‌ನೊಳಗೇ ತಿರುಗಿದೆ. ಹೊಸ ಬೇರಿಂಗ್ ಹಾಕಿದರೂ ನಿಲ್ಲುವುದಿಲ್ಲ, ನಕಲ್ ಬದಲಿಸಬೇಕು.

ಹಬ್ಬನ್ನೂ ಹೀಗೆಯೇ ನೋಡಿ. ಬೇರಿಂಗ್ ಕೂಡುವ ಕತ್ತಿನ ಮೇಲೆ ಉಗುರು ಆಡಿಸಿ. ಉಗುರಿಗೆ ತಡೆಯುವ ಗೀರು, ನೀಲಿ ಕಲೆ ಇದ್ದರೆ ಹಬ್ ಹೋಯಿತು. ಹೊಸ ಬೇರಿಂಗನ್ನು ಹಬ್ಬಿನ ಕತ್ತಿಗೆ ಕೈಯಿಂದಲೇ ಏರಿಸಲು ನೋಡಿ. ಏರಬಾರದು. ಸಲೀಸಾಗಿ ಏರಿದರೆ ಹಬ್ ಸವೆದಿದೆ. ಇಂಥ ಹಬ್ಬಿಗೆ ಪಂಚ್ ಹೊಡೆದು ಚುಕ್ಕಿ ಎಬ್ಬಿಸಿ ಬಿಗಿ ಮಾಡಿಕೊಡುವ ರೂಢಿ ಇದೆ. ಒಪ್ಪಬೇಡಿ. ಆ ಚುಕ್ಕಿಗಳು ಸ್ವಲ್ಪ ದಿನದಲ್ಲಿ ಚಪ್ಪಟೆಯಾಗಿ ಒಳರಿಂಗ್ ಹಬ್ಬಿನ ಮೇಲೆ ಜಾರಲು ತೊಡಗುತ್ತದೆ. ಗಾಲಿ ಬೋಲ್ಟಿನ ಎಳೆ ಜಗ್ಗಿದ್ದರೆ ಈಗಲೇ, ಹಬ್ ಹೊರಗಿರುವಾಗಲೇ ಬದಲಿಸಿ.

ನಕಲ್‌ನ ರಂಧ್ರವನ್ನು 400 ನಂಬರಿನ ಎಮರಿ ಕಾಗದದಿಂದ ತುಕ್ಕು ಹೋಗುವಷ್ಟು ಮಾತ್ರ ಉಜ್ಜಿ, ಸರ್ಕ್ಲಿಪ್ ಕೂಡುವ ತೋಡನ್ನು ಕೆರೆದು, ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಎಬಿಎಸ್ ಪಟ್ಟಿ ಇರುವ ಬದಿ ಸೆನ್ಸರಿನ ಕಡೆಗೇ ಬರಬೇಕು. ಯಾವ ಬದಿ ಎಂದು ಗೊತ್ತಾಗದಿದ್ದರೆ ಕಾಗದಕ್ಕೆ ಹಾಕುವ ಸಣ್ಣ ಕ್ಲಿಪ್ ಸೀಲಿನ ಹತ್ತಿರ ಹಿಡಿಯಿರಿ. ಮ್ಯಾಗ್ನೆಟ್ ಇರುವ ಬದಿ ಅದನ್ನು ಸೆಳೆಯುತ್ತದೆ. ಬೇರಿಂಗನ್ನು ಸ್ಪೀಕರ್, ಮ್ಯಾಗ್ನೆಟ್ ತಟ್ಟೆಗಳಿಂದ ದೂರ ಇಡಿ.

ಈಗ ಒತ್ತುವುದು. ಹೊಸ ಬೇರಿಂಗ್ ನಕಲ್‌ಗೆ ಹೋಗುವಾಗ ಒತ್ತಡ ಹೊರರಿಂಗಿನ ಮೇಲೆ. ಹಳೆಯ ಬೇರಿಂಗಿನ ಹೊರರಿಂಗನ್ನೇ ಅಡ್ಡ ಇಟ್ಟು ಒತ್ತಬಹುದು, ಆದರೆ ಅದರ ಹೊರಮೈ ಸ್ವಲ್ಪ ಗ್ರೈಂಡ್ ಮಾಡಿರಬೇಕು, ಇಲ್ಲದಿದ್ದರೆ ಅದೂ ಒಳಗೆ ಸಿಕ್ಕಿಕೊಳ್ಳುತ್ತದೆ. ಶುರುವಿನಲ್ಲಿ ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ನೋಡಿ. ಓರೆಯಾಗಿದ್ದರೆ ಹಿಂದಕ್ಕೆ ತೆಗೆದು ಮತ್ತೆ ಇಡಿ. ತಳ ಮುಟ್ಟಿದಾಗ ಪ್ರೆಸ್ಸಿನ ಗೇಜಿನ ಮುಳ್ಳು ಒಮ್ಮೆಲೇ ಏರುತ್ತದೆ, ಅಲ್ಲಿಗೆ ಸಾಕು. ಸರ್ಕ್ಲಿಪ್ ಹಾಕಿ, ಅದು ಸುತ್ತಲೂ ತೋಡಿನೊಳಗೆ ಕೂತಿದೆಯೇ ಎಂದು ಸ್ಕ್ರೂಡ್ರೈವರ್ ತುದಿಯಿಂದ ತಿವಿದು ನೋಡಿ. ಡಿಸ್ಕ್ ಹಿಂದಿನ ತಗಡು ಮರೆಯದೆ ಈಗಲೇ ಕೂಡಿಸಿ, ಹಬ್ ಹಾಕಿದ ಮೇಲೆ ಅದು ಹೋಗುವುದಿಲ್ಲ.

ಹಬ್ ಒತ್ತುವಾಗ ಲೆಕ್ಕ ತಿರುಗುತ್ತದೆ. ಈಗ ಕೆಳಗಿನ ಆಸರೆ ಒಳರಿಂಗಿಗೆ ಇರಬೇಕು. ಬರೀ ನಕಲ್‌ಗೆ ಆಸರೆ ಕೊಟ್ಟು ಹಬ್ ಒತ್ತಿದರೆ ಟನ್‌ಗಟ್ಟಲೆ ಭಾರ ಗುಂಡುಗಳ ಮೂಲಕ ಹಾದುಹೋಗಿ ರಿಂಗಿನಲ್ಲಿ ತಗ್ಗು ಮಾಡುತ್ತದೆ, ಬೇರಿಂಗ್ ಕೂಡುವ ಮುಂಚೆಯೇ ಕೆಡುತ್ತದೆ. ಒಳರಿಂಗಿನಷ್ಟೇ ಅಗಲದ ಪೈಪಿನ ತುಂಡು ಕೆಳಗಿಟ್ಟರೆ ಇದು ತಪ್ಪುತ್ತದೆ. ಗ್ಯಾಸ್ ಹಚ್ಚಿ ಬೇರಿಂಗ್ ಬಿಸಿ ಮಾಡುವುದು ಬೇಡ. ಸೀಲೂ ಗ್ರೀಸೂ ಸುಡುತ್ತವೆ. ಕೂಡಿದ ಮೇಲೆ ಹಬ್ ಕೈಯಿಂದ ತಿರುಗಿಸಿ. ತುಸು ಬಿಗಿ ಇರಬೇಕು, ಎಲ್ಲಿಯೂ ತಡೆಯಬಾರದು, ಗರಗರ ಎನ್ನಬಾರದು.

ತಿರುಗಿ ಜೋಡಿಸುವುದು

ಬಿಚ್ಚಿದ ಕ್ರಮದ ಹಿಂದುಮುಂದು. ಶಾಫ್ಟಿನ ಹಲ್ಲುಗಳ ಕೆಸರು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿ. ಸ್ಟ್ರಟ್ಟಿನ ಬೋಲ್ಟುಗಳನ್ನು ಬಿಳಿ ಗೆರೆಗೆ ಸೇರಿಸಿಯೇ ಬಿಗಿಯಿರಿ. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಶ್ಶಿನಿಂದ ತೆಗೆದು ಡಿಸ್ಕ್ ಕೂಡಿಸಿ. ಅಲ್ಲಿ ಒಂದು ಹರಳು ಉಳಿದರೂ ಬ್ರೇಕ್ ನಡುಗುತ್ತದೆ.

ಆಕ್ಸಲ್ ನಟ್ ಬಿಗಿಯೇ ಇಡೀ ಕೆಲಸದ ಕೊನೆಯ ಮುಖ್ಯ ಹೆಜ್ಜೆ. ಒಳರಿಂಗಿನ ಎರಡು ಅರ್ಧಗಳನ್ನು ಹಿಡಿದಿಡುವುದು ಆ ನಟ್. ಅದನ್ನು ಪೂರ್ತಿ ಬಿಗಿಯುವ ಮುಂಚೆ ಗಾಲಿಯ ಮೇಲೆ ಕಾರಿನ ಭಾರ ಬಿಡಬಾರದು. ಗಾಲಿ ಎತ್ತಿರುವಾಗಲೇ ಒಬ್ಬರು ಬ್ರೇಕ್ ಒತ್ತಲಿ. ಮಾದರಿಯ ಮೇಲೆ ಅಳತೆ ಬೇರೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 175ರಿಂದ 280 ನ್ಯೂಟನ್ ಮೀಟರ್ ನಡುವೆ. ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯಲ್ಲಿ ನೋಡಿಯೇ ಬಿಗಿಯಿರಿ. ಅಂದಾಜಿಗೆ ಹೇಳುವುದಾದರೆ 200 ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಹ್ಯಾಂಡಲಿನ ತುದಿಗೆ ಸುಮಾರು 20 ಕೆ.ಜಿ. ತೂಕ. ಇಂಪ್ಯಾಕ್ಟ್ ಗನ್ನಿನಿಂದ ಬಿಗಿದು ಬಿಟ್ಟರೆ ಬಿಗಿ ಎಷ್ಟಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ, ಬಡಿತವೂ ಬೇರಿಂಗಿಗೆ ಬೀಳುತ್ತದೆ. ಬಿಗಿದ ಮೇಲೆ ಹೊಸ ನಟ್‌ನ ಅಂಚನ್ನು ಶಾಫ್ಟಿನ ತೋಡಿನೊಳಗೆ ಬಡಿದು ಲಾಕ್ ಮಾಡಿ.

ಗಾಲಿಯ ನಟ್‌ಗಳನ್ನು ಅಡ್ಡಡ್ಡ ಬಿಗಿಯಿರಿ, ಹೆಚ್ಚಿನ ಸಣ್ಣ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್. ಕಾರು ಕದಲಿಸುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಎಬಿಎಸ್ ದೀಪ ಉರಿದೇ ಇದ್ದರೆ ಸೆನ್ಸರಿನ ಕನೆಕ್ಟರ್ ನೋಡಿ. ಅದು ಸರಿಯಿದ್ದರೆ ಬೇರಿಂಗ್ ತಿರುಗುಮುರುಗಾಗಿ ಕೂತಿರಬಹುದು.

ಹಿಂದಿನ ಗಾಲಿ

ಡ್ರಮ್ ಬ್ರೇಕಿನ ಹಿಂದಿನ ಗಾಲಿಯಲ್ಲಿ ಕೆಲಸ ಹಗುರ. ಕೆಲವು ಕಾರುಗಳಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಇರುತ್ತದೆ, ಕೆಲವುಗಳಲ್ಲಿ ಹಬ್ ಸೆಟ್ ಬೇರೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಡಸ್ಟ್ ಕ್ಯಾಪ್ ಎಬ್ಬಿಸಿ, ನಟ್ ಬಿಚ್ಚಿದರೆ ಡ್ರಮ್ ಬರುತ್ತದೆ. ಕ್ಯಾಪ್ ಸೊಟ್ಟಾಗಿದ್ದರೆ ಹೊಸದು ಹಾಕಿ, ನೀರು ಹೋಗುವ ದಾರಿ ಅದೇ. ಗುಂಡುಗಳ ಬದಲು ಓರೆ ರೋಲರುಗಳಿರುವ ಹಳೆಯ ಬಗೆಯ ಟೇಪರ್ ಬೇರಿಂಗ್ ಇದ್ದರೆ ಬಿಗಿಯುವ ರೀತಿ ಬೇರೆ: ಹಬ್ ತಿರುಗಿಸುತ್ತ ತುಸು ತಡೆ ಬರುವವರೆಗೆ ಬಿಗಿದು, ಪೂರ್ತಿ ಸಡಿಲಿಸಿ, ಮತ್ತೆ ಬೆರಳ ಬಲದಷ್ಟೇ ಬಿಗಿದು ಪಿನ್ ಹಾಕಬೇಕು. ಗ್ರೀಸನ್ನು ರೋಲರುಗಳ ನಡುವೆ ಒತ್ತಿ ತುಂಬಿ, ಹಬ್ಬಿನ ಪೊಳ್ಳಿಗೆ ಮೂರನೇ ಒಂದು ಭಾಗ ಸಾಕು. ಪೂರ್ತಿ ತುಂಬಿದರೆ ಬಿಸಿಯಾಗಿ ಸೀಲ್ ದಾಟಿ ಬ್ರೇಕ್ ಶೂ ಮೇಲೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಅದೇ ನುಣ್ಣನೆಯ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ನಿಂತ ಮೇಲೆ ಎರಡೂ ಹಬ್ಬಿನ ನಡುವಿನ ಬಿಸಿಯನ್ನು ಅಂಗೈ ಹತ್ತಿರ ಹಿಡಿದು ಹೋಲಿಸಿ, ಡಿಸ್ಕ್ ಮುಟ್ಟಬೇಡಿ. ಹೊಸ ಬದಿ ತೀರ ಬಿಸಿಯಾಗಿದ್ದರೆ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಓರೆಯಾಗಿ ಕೂತಿದೆ. 100 ಕಿ.ಮೀ. ಒಳಗೆ ಗಾಲಿಯ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಲಾಕ್ ಮಾಡಿದ ಆಕ್ಸಲ್ ನಟ್ ಮಾತ್ರ ಮತ್ತೆ ಮುಟ್ಟಬೇಡಿ.